ಖಾಸನೀಸರ ಮೀಟಿಂಗು ಗೇಜು ಬದಲಿಸಿದ್ದು

ಪುಣೆಯಲ್ಲಿ ಮನುಷ್ಯನಿಗೆ ಎರಡು ಜನ್ಮ. ಒಮ್ಮೆ ತಾಯಿಯ ಹೊಟ್ಟೆಯಲ್ಲಿ ಹುಟ್ಟುತ್ತಾನೆ, ಇನ್ನೊಮ್ಮೆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯಾಗಿ ಹುಟ್ಟುತ್ತಾನೆ. ಮೊದಲನೆಯ ಸಲ ಅವನೇ ಅಳುತ್ತಾನೆ. ಎರಡನೆಯ ಸಲ ಅಳುವ ಕೆಲಸ ಅಕ್ಕಪಕ್ಕದವರದು.

ದಿಗಂಬರ ಖಾಸನೀಸರು ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದ ಮರುತಿಂಗಳೇ ‘ಸ್ನೇಹಸಂವಾದ’ ಸೊಸೈಟಿಯ ಸೆಕ್ರೆಟರಿಯಾಗಿ ಹುಟ್ಟಿದರು. ಹುಟ್ಟಿದ ವಾರದಲ್ಲೇ ಗೇಟಿಗೆ ಒಂದು ಫಲಕ ಬಂತು: ‘ಇಲ್ಲಿ ಗಾಡಿ ನಿಲ್ಲಿಸಬಾರದು. ಓದಲು ಬಾರದವರು ವಾಚ್‌ಮನ್‌ನನ್ನು ಕೇಳಿರಿ. ಅವನಿಗೂ ಓದಲು ಬಾರದು.’ ಊರಿನ ಮರ್ಯಾದೆಗೆ ತಕ್ಕ ಫಲಕ ಎಂದು ಎಲ್ಲರೂ ಹೊಗಳಿದರು. ಗಾಡಿಗಳು ಅಲ್ಲೇ ನಿಂತವು.

ಹೀಗೆ ಎಲ್ಲ ಸುಖವಾಗಿತ್ತು. ನಾಲ್ಕನೆಯ ಮಹಡಿಯ ಯಮುನಾಕಾಕೂ ಆಗಟೆಯವರ ಕುರಡಯಿಯ ಮೇಲೆ ಖಾಸನೀಸರು ಕಾಲಿಟ್ಟದ್ದೇ ಸುಖ ಕೆಟ್ಟಿತು. ಕುರಡಯಿ ಎಂದರೆ ಗೋಧಿಯ ಹಾಲನ್ನು ಗಟ್ಟಿಯಾಗಿ ಕುದಿಸಿ, ಶಾವಿಗೆಯ ಹಾಗೆ ಒತ್ತಿ, ಬಿಸಿಲಿಗೆ ಹಾಕುವ ಸಂಡಿಗೆ. ಒಣಗಿ ಎಣ್ಣೆಗೆ ಬಿದ್ದ ಮೇಲೆ ಮಲ್ಲಿಗೆ ಹೂವು. ಒಣಗುವ ಮೊದಲು ಬಾಳೆಹಣ್ಣಿನ ಸಿಪ್ಪೆ ಬಂದು ಪಾಠ ಹೇಳಿಸಿಕೊಳ್ಳಬೇಕು, ಅಂಥ ಜಾರುಬಂಡಿ. ನೀರಿನ ಟಾಕಿ ನೋಡಲು ಮಾಳಿಗೆಗೆ ಹೋದ ಖಾಸನೀಸರು ಬಾಗಿಲಲ್ಲಿ ಒಂದು ಹೆಜ್ಜೆ ಇಟ್ಟರು. ಎರಡನೆಯ ಹೆಜ್ಜೆ ಇಡುವ ಪ್ರಸಂಗವೇ ಬರಲಿಲ್ಲ, ನೇರ ಟಾಕಿಯ ಬಳಿ ತಲುಪಿಬಿಟ್ಟಿದ್ದರು. ಟಾಕಿ ಗಟ್ಟಿಮುಟ್ಟಾಗಿದೆ ಎಂಬುದು ಖಾತ್ರಿಯಾಯಿತು.

ಮಾಳಿಗೆಗೆ ಕೀಲಿ ಬಿತ್ತು. ಆಮೇಲೆ ನಡೆದ ವಾರ್ಷಿಕ ಸಭೆಯಲ್ಲಿ ‘ಮಾಳಿಗೆಯ ಮೇಲೆ ಏನನ್ನೂ ಒಣಗಿಸಕೂಡದು’ ಎಂದು ಸರ್ವಾನುಮತದ ಠರಾವಾಯಿತು. ಹಾಗೆಂದು ಖಾಸನೀಸರು ಬರೆದರು. ಅಂಥ ಠರಾವೇ ಆಗಿಲ್ಲವೆಂದು ಯಮುನಾಕಾಕೂ ಸಹಕಾರ ಖಾತೆಗೆ ದೂರು ಕೊಟ್ಟರು. ಇಬ್ಬರಿಗೂ ಕಚೇರಿಯಿಂದ ಕರೆ ಬಂತು.

ಅಲ್ಲಿಯ ಅಧಿಕಾರಿ ಧುಮಾಳ ಸಾಹೇಬರು ಕಡತ ತಿರುವಿ ಕೇಳಿದರು: “ಖಾಸನೀಸ್, ಸರ್ವಾನುಮತ ಅಂತೀರಿ. ಈ ಕಾಕೂನ ಬಿಟ್ಟು ಸರ್ವ ಹ್ಯಾಂಗ ಆತದು?”

“ಸಾಹೇಬ್ರ, ಇವರು ಆವಾಗ ಬಾಯೇ ಬಿಟ್ಟಿಲ್ಲ.”

“ನಾ ಬಾಯಿ ಬಿಟ್ಟೇ ಕೂತಿದ್ದೆ,” ಎಂದರು ಕಾಕೂ. “ಸೆಕ್ರೆಟರಿ ಸಾಹೇಬ್ರು ಕಿವಿ ಮನ್ಯಾಗ ಬಿಟ್ಟು ಬಂದಿದ್ರು.”

“ಸಭೆದು ವಿಡಿಯೊ ಅದಯೋ ಇಲ್ಲೋ?” ಎಂದರು ಧುಮಾಳ. “ಇದ್ರ ಅದರಾಗ ಯಾರು ಏನಂದ್ರು, ಮಾತಿಗೆ ಮಾತು ಬರಕೊಂಡು ಸೋಮವಾರ ಬರ್ರಿ. ಇಲ್ಲಾಂದ್ರ ಕಮಿಟಿ ಬರಖಾಸ್ತ. ನಮ್ಮ ಕಡಿಂದ ಒಬ್ಬ ಆಡಳಿತಾಧಿಕಾರಿ ಬಂದು ನಿಮ್ಮ ಕುರ್ಚಿಮ್ಯಾಲೆ ಕೂಡತಾನ.”

ಬೇರೆ ಯಾರಾದರೂ ಇಲ್ಲಿ ‘ಹೂಂ’ ಎಂದು ಎದ್ದು ಬರುತ್ತಿದ್ದರು. ಖಾಸನೀಸರು ಎದ್ದು ನಿಂತರು, ಆದರೆ ಬರಲಿಲ್ಲ. “ಬರಿಯೂದು ಯಾಕ್ರೀ ಸಾಹೇಬ್ರ? ನಾ ಬರದ್ರ ಇವರು ನಂಬಂಗಿಲ್ಲ, ಇವರು ಬರದ್ರ ನಾ ನಂಬಂಗಿಲ್ಲ. ಈಗ ಯಂತ್ರ ಬಂದಾವ. ವಿಡಿಯೊ ಉಣಿಸಿದ್ರ ಸಾಕು, ಅಕ್ಷರಾ ಕಾರತಾವ. ಅದು ಏನ್ ಬರೀತದೋ ಅದೇ ಠರಾವು. ನಾ ಒಂದು ಚುಕ್ಕಿನೂ ತಿದ್ದಂಗಿಲ್ಲ.”

“ಸಹಿ ಮಾಡಿ ಕೊಡ್ರಿ,” ಎಂದರು ಧುಮಾಳ. ಖಾಸನೀಸರು ಕೊಟ್ಟರು. ಕಾಕೂ ಕೂಡ ಕೊಟ್ಟು, ಮೆಟ್ಟಿಲಿಳಿಯುವಾಗ ಹೇಳಿದರು: “ನಾ ಗೋಧಿ ನೆನೀ ಹಾಕೀನಿ. ಮಂಗಳವಾರ ಮುಂಜಾನೆ ಒತ್ತಬೇಕು. ನಾಕೂ ಹೆಣ್ಣಮಕ್ಕಳ ಮನೀಗೆ ವರ್ಷದ ಕುರಡಯಿ ಅದರಾಗ ಅದ. ಮಾಳಿಗಿ ಕೀಲಿ ತಗೀಲಿಲ್ಲ ಅಂದ್ರ ಹಿಟ್ಟು ಹುಳಿ ಬರತದ. ಹುಳಿ ಬಂದದ್ದನ್ನ ಎಲ್ಲೆ ಸುರವಬೇಕು ಅಂತ ನನಗ ಗೊತ್ತದ.”

ಖಾಸನೀಸರಿಗೂ ಗೊತ್ತಾಯಿತು. ಅವರದು ನೆಲಮಹಡಿ.

ಮನೆಗೆ ಬಂದವರೇ ಕಂಪ್ಯೂಟರಿನ ಮುಂದೆ ಕೂತರು. ಬರೆಯುವ ತಂತ್ರಾಂಶವನ್ನು ಎರಡನೆಯ ಮಹಡಿಯ ಪ್ರಸನ್ನ ಗುಜರ ಆಗಲೇ ಹಾಕಿಕೊಟ್ಟಿದ್ದ. ಪ್ರಸನ್ನ ಮನೆಮನೆಗೆ ನೀರು ಶುದ್ಧ ಮಾಡುವ ಯಂತ್ರ ಮಾರುವವನು. ಒಂದು ಯಂತ್ರ ಗೊತ್ತಿದ್ದವನಿಗೆ ಎಲ್ಲ ಯಂತ್ರವೂ ಗೊತ್ತು ಎಂಬುದು ಸೊಸೈಟಿಯ ನಂಬಿಕೆ. ನಲವತ್ತು ದಾಟಿದ ಮೇಲೆ ಅವನೂ ಅದನ್ನು ನಂಬಿದ್ದ.

ಖಾಸನೀಸರು ಸಭೆಯ ವಿಡಿಯೊ ಉಣಿಸಿದರು. ಯಂತ್ರ ಒಂದು ಗಳಿಗೆ ಮೂಸಿ ನೋಡಿ, ಪರದೆಯ ಮೇಲೆ ಬರೆಯಿತು: ‘ಈ ನಮೂನೆಯ ವಿಡಿಯೊ ನಡೆಯುವುದಿಲ್ಲ. ಬೇರೆ ನಮೂನೆಯಲ್ಲಿ ಕೊಡಿ.’

“ನಡಿಯೂದಿಲ್ಲಂದ್ರ?” ಎಂದರು ಖಾಸನೀಸರು. ಅವರಿಗೆ ಮದುವೆ ಹೆಣ್ಣಿನ ಜಾತಕ ವಾಪಸು ಬಂದಂತಾಗಿತ್ತು.

ಅಡುಗೆಮನೆಯಿಂದ ಹೆಂಡತಿ ಸುಹಾಸಿನಿ ಇಣುಕಿ ನೋಡಿದಳು. “ವಿಡಿಯೊ ಯಾರ ಕಡೆ ತಗಸಿದ್ರಿ? ಮದುವಿ ಫೋಟೊಗ್ರಾಫರ್ ಬಂದಿದ್ನಲ್ಲ, ಅವನ್ನ ಓಡಿಸಿದ್ರಿ.”

“ಪಾರ್ಕಿಂಗಿನಾಗ ಕಳ್ಳರ ಸಲುವಾಗಿ ಕ್ಯಾಮೆರಾ ಹಾಕೇದ. ಮೀಟಿಂಗೂ ಅಲ್ಲೇ ಆತು. ಒಂದೇ ಕ್ಯಾಮೆರಾದಾಗ ಎರಡು ಕೆಲಸ.”

“ಹಂಗಾದ್ರ ಅದು ಕಳ್ಳರ ವಿಡಿಯೊ,” ಎಂದಳು ಸುಹಾಸಿನಿ. “ಪೊಲೀಸರ ಹತ್ರ ಒಯ್ಯಿರಿ, ನಡೀತದ.”

ಖಾಸನೀಸರು ಸಿಟ್ಟಾಗಲಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಬದುಕು ಸವೆಸಿದವರಿಗೆ ಇಂಥದ್ದು ಹೊಸದಲ್ಲ. ಪೆಟ್ಟಿಗೆಯ ಒಳಗೆ ಏನಿದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ಚೀಟಿ ಸರಿಯಿದ್ದರೆ ಪೆಟ್ಟಿಗೆ ಹೋಗುತ್ತದೆ. ಅವರು ವಿಡಿಯೊದ ಹೆಸರು ನೋಡಿದರು. ಹೆಸರಿನ ಬಾಲದಲ್ಲಿ ಯಾವುದೋ ಮೂರು ಅಪರಿಚಿತ ಅಕ್ಷರಗಳಿದ್ದವು. ಮೊಮ್ಮಗನಿಗೆ ಹೆಸರಿಟ್ಟ ಬಾರಸೆಯ ವಿಡಿಯೊಗೆ ಯಂತ್ರ ತಕರಾರು ಮಾಡಿರಲಿಲ್ಲ. ಅದರ ಬಾಲ ನೋಡಿ, ಇದರ ಬಾಲ ಕತ್ತರಿಸಿ, ಅದನ್ನೇ ಇದಕ್ಕೆ ಅಂಟಿಸಿದರು. ಹೊಸ ಚೀಟಿ ಅಂಟಿಸಿದ ಪೆಟ್ಟಿಗೆಯನ್ನು ಮತ್ತೆ ಯಂತ್ರದ ಮುಂದಿಟ್ಟರು.

ಯಂತ್ರ ಈ ಸಲ ಹೆಚ್ಚು ಹೊತ್ತು ಮೂಸಿತು. ಆಮೇಲೆ ಬರೆಯಿತು: ‘ಈ ಕಡತ ಕೆಟ್ಟಿದೆ.’

“ಮೊದಲು ನಡಿಯೂದಿಲ್ಲ ಅಂತು, ಈಗ ಕೆಟ್ಟದ ಅಂತದ,” ಎಂದು ಖಾಸನೀಸರು ಪ್ರಸನ್ನನನ್ನು ಕರೆಸಿ ದೂರಿದರು. “ಈ ಯಂತ್ರಾನೂ ಆ ಕಾಕೂ ಕಡೆದೇ ಏನೋ.”

“ಕಾಕಾ, ಕತ್ತೆಗೆ ಆಕಳ ಬಾಲಾ ಕಟ್ಟಿದ್ರ ಹಾಲು ಹಿಂಡಾಕ ಬರತದೇನು?” ಎಂದ ಪ್ರಸನ್ನ. “ಒಳಗಿನ ನಮೂನೀನೇ ಬದಲ ಮಾಡಬೇಕು. ಪುಕ್ಕಟೆ ಮಾಡಿಕೊಡೋ ತಂತ್ರಾಂಶ ಇರತಾವ.”

ಪುಕ್ಕಟೆಯದನ್ನು ಇಳಿಸಿದರು. ಅದು ನಗುನಗುತ್ತ ನಮೂನೆ ಬದಲಿಸಿತು. ಆದರೆ ಪುಕ್ಕಟೆಯಾದ್ದರಿಂದ ಮೊದಲಿನ ಚೂರನ್ನು ಮಾತ್ರ ಬದಲಿಸಿ, ಉಳಿದದ್ದಕ್ಕೆ ದುಡ್ಡು ಕೇಳಿತು. ಪುಣೆಯಲ್ಲಿ ಇಂಥ ಮಾತು ಕೇಳಿದರೆ ಮುಂದೆ ಮಾತಿಲ್ಲ. ಸಿಕ್ಕ ಚೂರನ್ನೇ ಬರೆಯುವ ಯಂತ್ರಕ್ಕೆ ಉಣಿಸಿದರು. ಅದು ಪಟಪಟನೆ ಬರೆಯಿತು:

‘ಮೈಕ್ ಚಾಲೂ ಅದಯೇನು. ಮೈಕ್ ಚಾಲೂ ಇಲ್ಲ ಅನಸ್ತದ. ಯಾರರ ನೋಡ್ರಿ ಮೈಕ್ ಚಾಲೂ ಅದಯೇನು. ಹ್ಹಂ.’

“ನಾಡಕರ್ಣಿ ಅಜ್ಜ,” ಎಂದು ಖಾಸನೀಸರು ಭಾವುಕರಾದರು. ನಾಡಕರ್ಣಿಯವರು ಸೊಸೈಟಿಯ ಅಧ್ಯಕ್ಷರು. ಸಭೆ ಶುರುವಾದಾಗ ಎಚ್ಚರವಿದ್ದು, ಮುಗಿದಾಗ ಎಚ್ಚರಗೊಳ್ಳುವವರು. “ಹ್ಹಂ ಸುದ್ದಾ ಬಿಟ್ಟಿಲ್ಲ ನೋಡೋ. ಯಂತ್ರ ಅಪ್ಪಟ ಅದ. ನಾವು ಕೊಡೂದ್ರಾಗ ತಪ್ಪದ.”

ಅವರ ಕಣ್ಣು ದೂರ, ಮಿರಜ ಜಂಕ್ಷನ್ನಿನ ಕಡೆಗೆ ಹೋಯಿತು. ಅವರು ನೌಕರಿ ಕಲಿತದ್ದು ಅಲ್ಲಿ. ಆಗ ಬೆಳಗಾವಿ ಕಡೆಯಿಂದ ಸಣ್ಣ ಗೇಜಿನ ಗಾಡಿ ಬರುತ್ತಿತ್ತು, ಪುಣೆ ಕಡೆಗೆ ದೊಡ್ಡ ಗೇಜು. ಸಣ್ಣ ಹಳಿಯ ಗಾಡಿ ದೊಡ್ಡ ಹಳಿಯ ಮೇಲೆ ಹತ್ತುವುದಿಲ್ಲ. ಹಾಗೆಂದು ಯಾರೂ ಗಾಡಿಗೆ ಬೈಯುತ್ತಿರಲಿಲ್ಲ. ಈ ಡಬ್ಬಿಯಿಂದ ಮಾಲು ಇಳಿಸಬೇಕು, ಆ ಡಬ್ಬಿಗೆ ಹೇರಬೇಕು, ಅಷ್ಟೆ.

“ಪ್ರಸನ್ನಾ, ವಿಡಿಯೊ ಕೆಟ್ಟಿಲ್ಲ, ಯಂತ್ರಾನೂ ಕೆಟ್ಟಿಲ್ಲ,” ಎಂದರು ಜ್ಞಾನೋದಯವಾದವರ ಮೆಲುದನಿಯಲ್ಲಿ. “ಗೇಜು ಬ್ಯಾರೆ. ಕ್ಯಾಮೆರಾದ ಡಬ್ಬಿ ತಂದು ನಮ್ಮ ಟಿವಿಗೆ ಹಚ್ಚು. ಅಲ್ಲೆ ಮೀಟಿಂಗ್ ಓಡಲಿ. ಮುಂದ ನನ್ನ ಮೊಬೈಲ್ ಇಟ್ಟು ಅದನ್ನ ಹೊಸದಾಗಿ ಹಿಡಿಯೋಣು. ಮೊಬೈಲಿನದು ದೊಡ್ಡ ಗೇಜು, ಯಂತ್ರ ತಕರಾರಿಲ್ಲದ ನುಂಗತದ. ಮಾಲು ಇಲ್ಲೆ ಇಳೀತು, ಅಲ್ಲೆ ಏರೀತು.”

ಪ್ರಸನ್ನ ತಲೆದೂಗಿದ. ತನಗೆ ಹೊಳೆಯದ್ದು ಹೊಳೆದರೆ ತಲೆದೂಗುವುದು ಅವನ ದೊಡ್ಡತನ. ಆದರೆ ಮಿರಜದಲ್ಲಿ ಮಾಲು ಇಳಿಸಿ ಹೇರುವಾಗ ಒಂದೆರಡು ಮೂಟೆ ಕಡಿಮೆಯಾಗುತ್ತಿದ್ದವು, ಯಾರದೋ ಕೋಳಿಬುಟ್ಟಿ ಸೇರಿಕೊಳ್ಳುತ್ತಿತ್ತು ಎಂಬುದನ್ನು ಖಾಸನೀಸರು ಅವನಿಗೆ ಹೇಳಲಿಲ್ಲ. ತಮಗೂ ಹೇಳಿಕೊಳ್ಳಲಿಲ್ಲ.

ರವಿವಾರ ಸಂಜೆ ಟಿವಿಯ ಮೇಲೆ ಮೀಟಿಂಗ್ ಓಡುತ್ತದೆ ಎಂಬ ಸುದ್ದಿ ಮಹಡಿಯಿಂದ ಮಹಡಿಗೆ ಹತ್ತಿತು. ಸಭೆಗೆ ಬಾರದವರೆಲ್ಲ ನೋಡಲು ಬಂದರು. ಸಭೆಗೆ ಬಂದವರು ತಾವು ಹೇಗೆ ಕಾಣುತ್ತೇವೆಂದು ನೋಡಲು ಬಂದರು. ನಾಡಕರ್ಣಿ ಅಜ್ಜ ಆರಾಮ ಕುರ್ಚಿಯಲ್ಲಿ ಆಸೀನರಾದರು. ಯಮುನಾಕಾಕೂ, ಎದುರು ಪಕ್ಷದವರಾಗಿ ಕಣ್ಣಿಡುವುದು ತಮ್ಮ ಹಕ್ಕು ಎಂದು ಬಾಗಿಲಲ್ಲೇ ಸಾರಿ, ಸೆರಗಿನ ಕೆಳಗೆ ಒಂದು ಡಬ್ಬಿ ಹಿಡಿದು ಒಳಗೆ ಬಂದರು. ಡಬ್ಬಿಯಲ್ಲಿ ಹೋದ ವರ್ಷದ ಕುರಡಯಿ ಇತ್ತು. ಅದು ನೇರ ಅಡುಗೆಮನೆಗೆ ಹೋಯಿತು. ಜಗಳ ಗಂಡಸಿನ ಜೊತೆ, ಅವನ ಹೆಂಡತಿಯ ಜೊತೆ ಏನಿದೆ?

ಖಾಸನೀಸರು ಮೊಬೈಲನ್ನು ಪುಸ್ತಕಗಳ ಗುಡ್ಡೆಯ ಮೇಲೆ ನಿಲ್ಲಿಸಿ ಹೇಳಿದರು: “ಯಾರೂ ಪಿಟ್ ಅನ್ನೂ ಹಂಗಿಲ್ಲ. ಉಸಿರು ಬೇಕಾದ್ರ ಬಿಡ್ರಿ, ಸಾವಕಾಶ.”

ಟಿವಿಯ ಮೇಲೆ ನಾಡಕರ್ಣಿ ಅಜ್ಜ ಮೈಕ್ ಚಾಲೂ ಇದೆಯೇ ಎಂದು ಕೇಳಿದರು. ಕುರ್ಚಿಯ ಮೇಲಿನ ನಾಡಕರ್ಣಿ ಅಜ್ಜ, “ಇಲ್ಲೋ,” ಎಂದು ಉತ್ತರ ಕೊಟ್ಟರು.

“ಶ್ಶ್,” ಎಂದರು ಖಾಸನೀಸರು.

“ಆವಾಜ ಸಣ್ಣದದ. ಹೆಚ್ಚು ಮಾಡ್ರಿ,” ಎಂದರು ಯಾರೋ.

“ಹೆಚ್ಚು ಮಾಡ್ರಿ,” ಎಂದರು ಹತ್ತು ಮಂದಿ.

“ರೀ, ಎಣ್ಣಿ ಕಾಯ್ದದ, ಎಷ್ಟು ಕರೀಲಿ?” ಎಂದು ಅಡುಗೆಮನೆಯಿಂದ ದನಿ ಬಂತು.

ಟಿವಿಯೊಳಗಿನ ಖಾಸನೀಸರು ಎದ್ದು ನಿಂತು ಅಬ್ಬರಿಸಿದರು: “ಮಾಳಿಗಿಮ್ಯಾಲೆ ಒಣಗಸೂದು ಇವತ್ತಿನಿಂದ ಬಂದ್.” ಟಿವಿಯ ಹೊರಗಿನ ಖಾಸನೀಸರು ಕೋಣೆಯಲ್ಲಿದ್ದವರ ಕಡೆ ತಿರುಗಿ ಅದಕ್ಕಿಂತ ಜೋರಾಗಿ ಗದರಿದರು: “ಯಾರದು ಒದರೂದು? ಬುದ್ಧಿ ಅದಯೋ ಇಲ್ಲೋ?”

ಟಿವಿಯಲ್ಲಿ ಎಲ್ಲರೂ ಒಮ್ಮೆಲೇ ಕೂಗಾಡತೊಡಗಿದರು. ಅಷ್ಟರಲ್ಲಿ ಪಾರ್ಕಿಂಗಿಗೆ ಒಂದು ಮೋಟರ್ ಸೈಕಲ್ಲು ಗುಡುಗುತ್ತ ಬಂತು. ಸಭೆಯ ತಲೆಗಳೆಲ್ಲ ಅತ್ತ ತಿರುಗಿದವು. ಅದೇ ಗಳಿಗೆಯಲ್ಲಿ ಟಿವಿಯೊಳಗಿನ ಖಾಸನೀಸರ ತುಟಿ ಅಲುಗಿತು. ಮೋಟರ್ ಸೈಕಲ್ಲು ನಿಂತಾಗ ಅವರು, “ಸರ್ವಾನುಮತ,” ಎನ್ನುತ್ತ ಕೂಡುತ್ತಿದ್ದರು.

“ನೋಡ್ರಿ, ನೋಡ್ರಿ,” ಎಂದರು ಕಾಕೂ. “ಇವರ ಠರಾವಿಗೆ ಹೂಂ ಅಂದದ್ದು ಆ ಮೋಟರ್ ಸೈಕಲ್ ಒಂದೇ.”

ಕೋಣೆಯಲ್ಲಿ ನಗೆ ಎದ್ದಿತು. ಅದೇ ಹೊತ್ತಿಗೆ ಬಿಸಿಬಿಸಿ ಕುರಡಯಿ ಅಗಲವಾದ ಪರಾತದಲ್ಲಿ ಬಂತು. ಕುರಡಯಿ ಸದ್ದಿಲ್ಲದೆ ತಿನ್ನುವ ವಿದ್ಯೆಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಮೂವತ್ತು ಬಾಯಿ ಒಮ್ಮೆಲೇ ಕರಕರ ಎಂದವು.

“ಹಲ್ಲು ನಿಂದರಸ್ರಿ,” ಎಂದು ಖಾಸನೀಸರು ಅಂಗಲಾಚಿದರು. “ಎಲ್ಲಾ ರೆಕಾರ್ಡ್ ಆಗ್ಲಿಕ್ಹತ್ತೇದ.”

“ಇಂಥಾ ಕುರಡಯಿಗೆ ಯಾವ ಗಾಂಪ ಬಂದಿ ಹಾಕ್ಯಾನ?” ನಾಡಕರ್ಣಿ ಅಜ್ಜ ಎಚ್ಚರವಾಗಿ ಕೇಳಿದರು. ಮೈಕಿನದೊಂದು ಬಿಟ್ಟರೆ ಅವರು ಎಚ್ಚರವಾಗಿ ಕೇಳಿದ ಮೊದಲ ಪ್ರಶ್ನೆ ಇದು. “ಮಾಳಿಗಿ ಯಾಕ ಕೊಡಬಾರದು ಆಕೀಗೆ?”

“ಕೊಡಬೇಕು,” ಎಂದಿತು ಒಂದು ಕರಕರ. “ಕೊಡಬೇಕು,” ಎಂದವು ಉಳಿದವು.

“ಆಮ್ಯಾಲೆ ಮಾತಾಡೋಣು. ಈಗ ಸುಮ್ನಿರ್ರಿ.”

“ಆಮ್ಯಾಲೆ ಅಂದ್ರ ಹಿಟ್ಟು ಹುಳಿ ಬರತದ,” ಎಂದರು ಕಾಕೂ. “ಈಗ ಹೇಳು. ಹೇಳೂತನಕ ನಾ ಸುಮ್ನಾಗಂಗಿಲ್ಲ.”

ಟಿವಿಯ ಮೇಲೆ ಲೆಕ್ಕಪತ್ರ ಮಂಜೂರಾಗುತ್ತಿತ್ತು. ಒಂದಕ್ಷರ ಕೇಳಿಸುತ್ತಿರಲಿಲ್ಲ. ಖಾಸನೀಸರು ಮೊಬೈಲನ್ನು ನೋಡಿದರು, ನಾಳೆಯ ಸೋಮವಾರವನ್ನು ನೋಡಿದರು, ಬರಲಿರುವ ಆಡಳಿತಾಧಿಕಾರಿಯ ಮೀಸೆಯನ್ನೂ ನೋಡಿದರು. ತಲೆ ಕೆಟ್ಟುಹೋಯಿತು.

“ಒಣಗಸ್ರಿ. ಕೀಲಿ ತಗೋರಿ. ಬೇಕಾದ್ರ ನನ್ನ ತಲಿಮ್ಯಾಲೆ ಒಣಗಸ್ರಿ. ಆತು? ಈಗರ ಬಾಯಿ ಮುಚ್ರಿ.”

“ಕಾಗಿ ಕಾಯೋರು ಯಾರು?” ಎಂದರು ಕಾಕೂ. “ನನ್ನ ಮೊಣಕಾಲು ನೋಯ್ತಾವ.”

“ನಾ ಕಾಯ್ತೀನಿ. ನಾ. ದಿಗಂಬರ ಖಾಸನೀಸ. ಸಾಕೇನು?”

ಸಾಕಾಯಿತು. ಎಲ್ಲರೂ ಬಾಯಿ ಮುಚ್ಚಿದರು. ಆ ನಿಶ್ಶಬ್ದದಲ್ಲಿ ಟಿವಿಯೊಳಗಿನ ಸಭೆ ವಂದನಾರ್ಪಣೆಯೊಂದಿಗೆ ಮುಗಿಯಿತು.

ಮೊಬೈಲಿನ ವಿಡಿಯೊವನ್ನು ಯಂತ್ರ ತಕರಾರಿಲ್ಲದೆ ನುಂಗಿತು. ಒಂದೊಂದೇ ದನಿಯ ತುಣುಕು ಕೇಳಿಸಿ, ಇದು ಯಾರದೆಂದು ವಿನಯದಿಂದ ವಿಚಾರಿಸಿತು. ಪ್ರಸನ್ನ ಹೆಸರು ಹೇಳುತ್ತ ಹೋದ. ಮರುದಿನ ಅಂಗಡಿಯಲ್ಲಿ ಅಚ್ಚು ಹಾಕಿಸಿದರು. ಖಾಸನೀಸರು ಮೊದಲ ಸಾಲು ನೋಡಿದರು. ‘ಮೈಕ್ ಚಾಲೂ ಅದಯೇನು’ ಎಂದಿತ್ತು. ತೃಪ್ತರಾಗಿ ಮಡಿಚಿದರು.

“ಮುಂದಿಂದು ಓದೂದಿಲ್ಲೇನು ಕಾಕಾ?”

“ಓದಿದ್ರ ತಿದ್ದಬೇಕು ಅನಸ್ತದೋ. ಕೈ ಹಚ್ಚೂದಿಲ್ಲ ಅಂತ ಬರದು ಕೊಟ್ಟೀನಿ. ಕಣ್ಣೂ ಹಚ್ಚೂದಿಲ್ಲ.”

ಕಚೇರಿಯಲ್ಲಿ ಕಣ್ಣು ಹಚ್ಚಿದವರು ಧುಮಾಳ ಸಾಹೇಬರು. ಗಟ್ಟಿಯಾಗಿಯೇ ಓದಿದರು.

“ಅಧ್ಯಕ್ಷರು: ಮೈಕ್ ಚಾಲೂ ಅದಯೇನು. ಅಧ್ಯಕ್ಷರು: ಇಲ್ಲೋ.” ಸಾಹೇಬರು ತಲೆಯೆತ್ತಿದರು. “ತಾವೇ ಕೇಳಿ ತಾವೇ ಉತ್ತರಾ ಕೊಡತಾರೇನು?”

“ವಯಸ್ಸಾಗೇದ ಸಾಹೇಬ್ರ.”

“ಸೌ. ಸುಹಾಸಿನಿ ಖಾಸನೀಸ: ಎಣ್ಣಿ ಕಾಯ್ದದ, ಎಷ್ಟು ಕರೀಲಿ. ಏನಿದು?”

ಖಾಸನೀಸರು ಕುರ್ಚಿಯ ತುದಿಗೆ ಸರಿದರು. “ಸಭಾದಾಗ ಫರಾಳದ ವ್ಯವಸ್ಥಾ ಇತ್ತು.”

“ಭಾಳ ಛಲೋ ಪದ್ಧತಿ. ಮುಂದ. ಖಾಸನೀಸ: ಮಾಳಿಗಿಮ್ಯಾಲೆ ಒಣಗಸೂದು ಇವತ್ತಿನಿಂದ ಬಂದ್. ಖಾಸನೀಸ: ಯಾರದು ಒದರೂದು, ಬುದ್ಧಿ ಅದಯೋ ಇಲ್ಲೋ.” ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಿಮ್ಮ ಠರಾವಿಗೆ ನೀವೇ ವಿರೋಧ ಮಾಡೀರಿ.”

ಖಾಸನೀಸರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಡೆದದ್ದು ಹೇಳಿದರೆ ದಾಖಲೆ ಕಲಬೆರಕೆ ಎಂದಾಗುತ್ತದೆ, ಕಮಿಟಿ ಬರಖಾಸ್ತು. ಹೇಳದಿದ್ದರೆ ಮಾಳಿಗೆ ಹೋಗುತ್ತದೆ. “ಮುಂದ ಓದ್ರಿ ಸಾಹೇಬ್ರ,” ಎಂದರು.

ಸಾಹೇಬರು ಕೊನೆಯವರೆಗೂ ಓದಿದರು. ತಲೆಯ ಮೇಲೆ ಒಣಗಿಸುವ ಮಾತು ಬಂದಾಗ ಖಾಸನೀಸರ ತಲೆಯನ್ನೊಮ್ಮೆ ಅಳತೆ ಮಾಡುವವರಂತೆ ನೋಡಿದರು. ಆಮೇಲೆ ಕಾಗದ ಕೆಳಗಿಟ್ಟು ಯಮುನಾಕಾಕೂ ಕಡೆ ತಿರುಗಿದರು. “ಕಾಕೂ, ಇಲ್ಲೆ ಬರದದ್ದೆಲ್ಲಾ ಖರೇ ಅದಯೇನು? ಇವರು ಹಿಂಗೆಲ್ಲಾ ಅಂದಾರೇನು?”

ಕಾಕೂ ಒಂದು ಮಾತು ಹೇಳಿದರೆ ಖಾಸನೀಸರ ಕುರ್ಚಿ ಮುಗಿಯಿತು. ಕಾಕೂ ಅವರನ್ನು ಸಾವಕಾಶ, ಹಿಟ್ಟಿನ ಹದ ನೋಡುವ ಹಾಗೆ ನೋಡಿದರು.

“ಅಕ್ಷರ ಅಕ್ಷರ ಖರೇ ಅದ ಸಾಹೇಬ್ರ. ನನ್ನ ಕಿವ್ಯಾರೆ ಕೇಳೀನಿ. ಎಲ್ಲೆ ಅಂದ್ರು ಅಂತ ನೀವೂ ಕೇಳಬ್ಯಾಡ್ರಿ, ನಾನೂ ಹೇಳಂಗಿಲ್ಲ.”

ಧುಮಾಳ ಸಾಹೇಬರು ಮೂವತ್ತು ವರ್ಷದಿಂದ ಸೊಸೈಟಿಗಳ ಜಗಳ ಕೇಳಿದವರು. ಏನನ್ನು ಕೇಳಬಾರದು ಎಂಬುದು ಅವರಿಗೆ ಗೊತ್ತಿತ್ತು. “ಖಾಸನೀಸ್, ಎಲ್ಲಾ ಸೆಕ್ರೆಟರಿಗಳೂ ತಾವು ಗೆದ್ದದ್ದನ್ನ ಬರಕೊಂಡು ಬರತಾರ. ತನಗ ತಾನೇ ಬೈಕೊಂಡದ್ದನ್ನ ತಂದು ಕೊಟ್ಟವರು ನೀವೊಬ್ಬರೇ. ಕಮಿಟಿ ಇರಲಿ. ಕುರಡಯಿನೂ ಇರಲಿ. ಕಾಗಿದು ನಿಮ್ಮ ಜವಾಬ್ದಾರಿ ಅಂತ ಆರ್ಡರಿನಾಗ ಹಾಕತೀನಿ, ನೀವೇ ಒಪ್ಪೀರಲ್ಲ.”

ಮಂಗಳವಾರ ಸೂರ್ಯ ಹುಟ್ಟುವ ಮುನ್ನ ಮಾಳಿಗೆಯ ಕೀಲಿ ತೆಗೆದರು. ಹೆಂಗಸರು ಕೂಡಿ ಬಿಸಿ ಹಿಟ್ಟನ್ನು ಒತ್ತಿದರು. ಬಿಸಿಲೇರುವ ಹೊತ್ತಿಗೆ ಹಳೆಯ ಸೀರೆಗಳ ಮೇಲೆ ಸಾಲು ಸಾಲು ಬಿಳಿ ಸುರುಳಿ. ನಡುವೆ ಒಂದು ಕುರ್ಚಿ, ಕುರ್ಚಿಯ ಮೇಲೆ ಕೊಡೆ ಹಿಡಿದ ಸೆಕ್ರೆಟರಿ, ಕೈಯಲ್ಲಿ ಒಂದು ಕೋಲು. ಕಾಗೆಗಳು ಟಾಕಿಯ ಮೇಲೆ ಕೂತು ಇವರ ಅಧಿಕಾರವನ್ನು ಪರಿಶೀಲಿಸುತ್ತಿದ್ದವು.

ಪ್ರಸನ್ನ ಏದುಸಿರು ಬಿಡುತ್ತ ಮೇಲೆ ಬಂದ. “ಕಾಕಾ, ಆ ತಂತ್ರಾಂಶ ಇವತ್ತು ಹೊಸಾದಾಗೇದ. ಈಗ ಎಲ್ಲಾ ನಮೂನಿನೂ ನಡೀತದಂತ, ನಮ್ಮ ಕ್ಯಾಮೆರಾದ್ದೂ. ಪಾರ್ಕಿಂಗಿನ ಅಸಲ ಮೀಟಿಂಗ್ ಹಂಗೇ ಉಣಿಸಬಹುದು. ಉಣಿಸ್ಲೇನು?”

ಒತ್ತಿ ಉಳಿದ ಬಿಸಿ ಹಿಟ್ಟಿಗೆ ಹಾಲು, ಸಕ್ಕರೆ, ತುಪ್ಪ ಹಾಕಿ ಯಮುನಾಕಾಕೂ ಆಗಷ್ಟೇ ಒಂದು ಬಟ್ಟಲು ಖಾಸನೀಸರ ಕೈಗೆ ಕೊಟ್ಟಿದ್ದರು. ಬಾಯಿ ತುಂಬಿತ್ತು. ನುಂಗಿ, ತುಟಿ ಒರೆಸಿಕೊಂಡು ಕೇಳಿದರು: “ಆ ಮೀಟಿಂಗಿನಾಗ ಏನ್ ಠರಾವು ಆಗಿತ್ತೋ?”

“ಮೋಟರ್ ಸೈಕಲ್ ಬಂದಿತ್ತಲ್ಲ ಕಾಕಾ. ಏನೂ ಆಗಿರಲಿಲ್ಲ.”

“ತಿನ್ನಲಿಕ್ಕೆ ಏನರ ಕೊಟ್ಟಿದ್ರೇನು?”

“ಇಲ್ಲ.”

“ಹಂಗಾದ್ರ ಅದೆಂಥಾ ಮೀಟಿಂಗ್ ಆತು. ಅಳಿಸು ಅದನ್ನ,” ಎಂದರು ಖಾಸನೀಸರು. ಖಾಲಿ ಬಟ್ಟಲನ್ನು ಕಾಕೂ ಕಡೆ ಚಾಚಿ, ಅದು ಮತ್ತೆ ತುಂಬುವವರೆಗೆ ಕಾಗೆಯ ಕೋಲನ್ನು ಪ್ರಸನ್ನನ ಕೈಗೆ ಕೊಟ್ಟರು.